ಕಾಣದ ಶಾಖವನ್ನು ಕಂಡ ಕಥೆ

ವಿದ್ಯುತ್ ಉಪಕೇಂದ್ರದ (ಸಬ್‌ಸ್ಟೇಷನ್) ಉಪಕರಣಗಳು ಅನೇಕ ವೇಳೆ ಮುನ್ಸೂಚನೆ ಕೊಟ್ಟೇ ಕೆಡುತ್ತವೆ. ಎಲ್ಲೋ ಒಂದು ಬೋಲ್ಟು ಸಡಿಲವಾಗುತ್ತದೆ ಅಥವಾ ಜೋಡಣೆಗೆ ಕಿಲುಬು ಹಿಡಿಯುತ್ತದೆ. ಅಲ್ಲಿ ರೋಧ ಹೆಚ್ಚಿ ಲೋಹ ಬಿಸಿಯಾಗುತ್ತದೆ. ಬಿಸಿಯಿಂದ ಉತ್ಕರ್ಷಣೆ ಹೆಚ್ಚಿ ರೋಧ ಮತ್ತಷ್ಟು ಏರುತ್ತದೆ. ಕೊನೆಗೊಂದು ದಿನ ಜೋಡಣೆ ಕರಗಿ ಬೀಳುತ್ತದೆ. ಆಗ ಊರಿಗೆ ಕತ್ತಲೆ, ಸಮೀಪದಲ್ಲಿರುವ ಸಿಬ್ಬಂದಿಯ ಪ್ರಾಣಕ್ಕೆ ಅಪಾಯ. ಲೋಹ ಕಣ್ಣಿಗೆ ಕೆಂಪಗೆ ಕಾಣಬೇಕಾದರೆ ಸುಮಾರು 500 ಡಿಗ್ರಿ ಸೆಲ್ಸಿಯಸ್ ಮೀರಬೇಕು. 220 ಕಿಲೋವೋಲ್ಟ್ ತಂತಿಯನ್ನು ಮುಟ್ಟಿ ನೋಡುವಂತಿಲ್ಲ. ಹಾಗಾದರೆ ಈ ಮುನ್ಸೂಚನೆಯನ್ನು ತಿಳಿಯುವುದು ಹೇಗೆ?

ಮೂರು ಉಷ್ಣಮಾಪಕಗಳು

ಉತ್ತರದ ಮೊದಲ ಎಳೆ ಸಿಕ್ಕಿದ್ದು 1800ರಲ್ಲಿ, ಇಂಗ್ಲೆಂಡಿನಲ್ಲಿ. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ ಪಟ್ಟಕದ ಮೂಲಕ ಸೂರ್ಯನ ಬೆಳಕನ್ನು ಹಾಯಿಸಿ, ಯಾವ ಬಣ್ಣದಲ್ಲಿ ಎಷ್ಟು ಶಾಖವಿದೆ ಎಂದು ಅಳೆಯುತ್ತಿದ್ದ. ಒಂದು ಉಷ್ಣಮಾಪಕವನ್ನು ಬಣ್ಣದಲ್ಲಿಟ್ಟರೆ, ಹೋಲಿಕೆಗೆಂದು ಬೇರೆ ಉಷ್ಣಮಾಪಕಗಳನ್ನು ಪಕ್ಕದಲ್ಲಿ, ರೋಹಿತದ ಹೊರಗೆ ಇಡುತ್ತಿದ್ದ. ಕೆಂಪು ಬಣ್ಣದ ಆಚೆ, ಏನೂ ಕಾಣದ ಜಾಗದಲ್ಲೂ ಪಾದರಸ ಏರಿತು. ನಾವಿಂದು ಅವಕೆಂಪು ಎನ್ನುವ ಕಿರಣಗಳು ಪತ್ತೆಯಾದದ್ದು ಹೀಗೆ. ಹೋಲಿಸಿ ನೋಡುವ ಅವನ ಈ ವಿಧಾನವನ್ನು ನೆನಪಿನಲ್ಲಿಡಿ.

1880ರ ಸುಮಾರಿಗೆ ಅಮೆರಿಕದ ಸ್ಯಾಮ್ಯುಯಲ್ ಲ್ಯಾಂಗ್ಲಿ ಬೋಲೋಮೀಟರ್ ರೂಪಿಸಿದ. ಕಪ್ಪು ಬಳಿದ ತೆಳು ಲೋಹದ ಪಟ್ಟಿಯ ಮೇಲೆ ವಿಕಿರಣ ಬಿದ್ದರೆ ಅದರ ರೋಧ ಬದಲಾಗುತ್ತದೆ. ಆ ಬದಲಾವಣೆಯೇ ಅಳತೆ. ಆದರೆ ಇದು ಒಂದು ಬಿಂದುವಿನ ಅಳತೆ, ಚಿತ್ರವಲ್ಲ.

ಚಿತ್ರ ಮೂಡಿತು

ವಿದ್ಯುತ್ ಮಾರ್ಗಗಳ ತಪಾಸಣೆಗಾಗಿ ಉಷ್ಣಚಿತ್ರಕ ಮಾರುಕಟ್ಟೆಗೆ ಬಂದದ್ದು 1965ರಲ್ಲಿ, ಸ್ವೀಡನ್ನಿನ ಆಗಾ ಕಂಪನಿಯಿಂದ. ಅದರ ಸಂವೇದಕವನ್ನು ದ್ರವ ನೈಟ್ರೋಜನ್‌ನಿಂದ ತಂಪಾಗಿಡಬೇಕಿತ್ತು. ದೃಶ್ಯವನ್ನು ಗೆರೆಗೆರೆಯಾಗಿ ಓದಿ ಪರದೆಯ ಮೇಲೆ ಮೂಡಿಸುತ್ತಿದ್ದ ಅದು ಭಾರಿ ಯಂತ್ರ. 1973ರಲ್ಲಿ ಬ್ಯಾಟರಿಯಿಂದ ನಡೆಯುವ ಮಾದರಿ ಬಂತು. 1990ರ ದಶಕದಲ್ಲಿ ಸೂಕ್ಷ್ಮ ಬೋಲೋಮೀಟರುಗಳ ಫಲಕ ಬಂದಮೇಲೆ ದ್ರವ ನೈಟ್ರೋಜನ್ ಬೇಕಿಲ್ಲವಾಯಿತು. ಲ್ಯಾಂಗ್ಲಿಯ ತತ್ತ್ವವೇ ಸಾವಿರಾರು ಪುಟ್ಟ ಚುಕ್ಕಿಗಳಾಗಿ ಅಂಗೈ ಕ್ಯಾಮೆರಾದಲ್ಲಿ ಸೇರಿತು. ನಮ್ಮ ಇಂಜಿನಿಯರುಗಳು ಇಂದಿಗೂ ಈ ತಪಾಸಣೆಯನ್ನು ‘ಥರ್ಮೋವಿಷನ್’ ಎನ್ನುತ್ತಾರೆ. ಅದು ಆ ಸ್ವೀಡಿಷ್ ಯಂತ್ರದ ವ್ಯಾಪಾರನಾಮ!

ಬಣ್ಣ ನೋಡಿ ಮೋಸಹೋಗಬೇಡಿ

ಪರದೆಯ ಮೇಲಿನ ಕೆಂಪು–ಹಳದಿ ಬಣ್ಣಗಳು ನಿಜವಾದ ಬಣ್ಣಗಳಲ್ಲ. ಕ್ಯಾಮೆರಾ ಅಳೆಯುವುದು ವಿಕಿರಣವನ್ನು. ತಾಪ ಅದರಿಂದ ಪಡೆದ ಲೆಕ್ಕ. ಹೊಳೆಯುವ ಅಲ್ಯೂಮಿನಿಯಂ ಬಹಳ ಕಡಿಮೆ ಶಾಖವನ್ನು ಹೊರಸೂಸಿ, ಸುತ್ತಲಿನ ಶಾಖವನ್ನು ಕನ್ನಡಿಯಂತೆ ಪ್ರತಿಫಲಿಸುತ್ತದೆ. ಆದ್ದರಿಂದ ಬಿಸಿ ಜೋಡಣೆಯೂ ತಣ್ಣಗಿರುವಂತೆ ಕಾಣಬಹುದು.

ಇನ್ನೊಂದು ಮಾತು. ಉತ್ತಮ ಜೋಡಣೆಯೊಂದರ ರೋಧ 50 ಮೈಕ್ರೋಓಮ್, ಪ್ರವಾಹ 400 ಆಂಪಿಯರ್ ಎಂದಿಟ್ಟುಕೊಳ್ಳಿ. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ಅಲ್ಲಿ ವ್ಯಯವಾಗುವುದು 8 ವಾಟ್. ರೋಧ ಹತ್ತು ಪಟ್ಟಾದರೆ 80 ವಾಟ್. ಆದರೆ ಪ್ರವಾಹ ಅರ್ಧಕ್ಕಿಳಿದ ಹೊತ್ತಿನಲ್ಲಿ ಅದೇ ಕೆಟ್ಟ ಜೋಡಣೆ 20 ವಾಟ್ ಮಾತ್ರ ಹೊರಹಾಕುತ್ತದೆ. ಹೊರೆ ಕಡಿಮೆಯಿದ್ದಾಗ ತಪಾಸಣೆ ಮಾಡಿದರೆ ದೋಷ ಮರೆಯಾಗಬಹುದು. ಹೆಚ್ಚು ಹೊರೆಯ ಹೊತ್ತು, ಅದರಲ್ಲೂ ಬಿಸಿಲಿನ ಪ್ರಭಾವವಿಲ್ಲದ ಸಂಜೆ, ತಪಾಸಣೆಗೆ ಸೂಕ್ತವಾಗುವುದು ಇದರಿಂದಲೇ.

ಹಾಗಾಗಿ ಅನುಭವಿ ಇಂಜಿನಿಯರು ಒಂದೇ ಅಂಕಿಯನ್ನು ನೆಚ್ಚುವುದಿಲ್ಲ. ಒಂದೇ ಬಗೆಯ, ಒಂದೇ ಹೊರೆಯ ಮೂರು ಫೇಸುಗಳ ಜೋಡಣೆಗಳನ್ನು ಅಕ್ಕಪಕ್ಕ ಹೋಲಿಸುತ್ತಾರೆ. ಎರಡು ತಣ್ಣಗಿದ್ದು ಒಂದು ಮಾತ್ರ ಬಿಸಿಯಾಗಿದ್ದರೆ ಅದನ್ನು ಪರೀಕ್ಷಿಸಬೇಕು. ಪರಿವರ್ತಕದ (ಟ್ರಾನ್ಸ್‌ಫಾರ್ಮರ್) ರೇಡಿಯೇಟರ್‌ಗಳಲ್ಲಿ ಒಂದು ಮಾತ್ರ ತಣ್ಣಗಿದ್ದರೂ ಅದು ದೋಷದ ಸೂಚನೆಯೇ. ಅಲ್ಲಿ ತೈಲ ಹರಿಯುತ್ತಿಲ್ಲದಿರಬಹುದು. ಆದರೆ ಪರಿವರ್ತಕದ ಒಳಗಿನ ಸುರುಳಿಯನ್ನು ಕ್ಯಾಮೆರಾ ಕಾಣಲಾರದು. ಅದಕ್ಕೆ ತೈಲದಲ್ಲಿ ಕರಗಿದ ಅನಿಲಗಳ ಪರೀಕ್ಷೆ ಬೇಕು.

ತರಗತಿಯಲ್ಲಿ ಮಾಡಿ ನೋಡಿ

ಒಂದು ಗಾಜಿನ ಪಟ್ಟಕ, ಬುರುಡೆಗೆ ಕಪ್ಪು ಬಳಿದ ಮೂರು ಉಷ್ಣಮಾಪಕಗಳು, ಒಂದು ರಟ್ಟಿನ ಪೆಟ್ಟಿಗೆ ಇದ್ದರೆ ಹರ್ಷೆಲನ ಪ್ರಯೋಗವನ್ನು ಬಿಸಿಲಿನಲ್ಲಿ ನೀವೂ ಮಾಡಬಹುದು. ಸೂರ್ಯನನ್ನು ನೇರವಾಗಿ ನೋಡಬೇಡಿ. ಕೆಂಪಿನಾಚೆ ಒಂದು, ರೋಹಿತದಿಂದ ದೂರ ನೆರಳಿನಲ್ಲಿ ಎರಡು ಉಷ್ಣಮಾಪಕಗಳನ್ನಿಟ್ಟು ಕೆಲವು ನಿಮಿಷ ಕಾಯಿರಿ. ಆ ಎರಡು ಏಕೆ ಬೇಕೆಂದು ವಿದ್ಯಾರ್ಥಿಗಳನ್ನೇ ಕೇಳಿ. ಉತ್ತರ ಹೇಳಬಲ್ಲವರಿಗೆ, ಉಪಕೇಂದ್ರದ ಉಷ್ಣಚಿತ್ರವನ್ನು ಓದುವ ಮೊದಲ ಪಾಠ ಆಗಲೇ ಆಗಿದೆ.