ಕನಾಲೆಟ್ಟೊನ ವೆನಿಸ್: ನಗರಚಿತ್ರವೂ ಚಾರಿತ್ರಿಕ ಆಕರವೂ

ನಗರವೊಂದರ ಚರಿತ್ರೆಯನ್ನು ರಚಿಸುವವರಿಗೆ ಶಾಸನ, ಕಡತ, ಪ್ರವಾಸಕಥನಗಳಂತೆಯೇ ಚಿತ್ರಗಳೂ ಆಕರಗಳೇ. ಆದರೆ ಚಿತ್ರಕಾರನ ಸಾಕ್ಷ್ಯವನ್ನು ಎಷ್ಟರಮಟ್ಟಿಗೆ ನಂಬಬಹುದು? ಈ ಪ್ರಶ್ನೆಯನ್ನು ಪರಿಶೀಲಿಸಲು ತನ್ನ ಹುಟ್ಟೂರಾದ ವೆನಿಸ್ ನಗರವನ್ನು ಜೀವಮಾನವಿಡೀ ಚಿತ್ರಿಸಿದ ಜೊವಾನ್ನಿ ಅಂತೋನಿಯೊ ಕನಾಲ್‌ನ (1697–1768) ಕೃತಿಗಳು ಉತ್ತಮ ನಿದರ್ಶನವಾಗಿವೆ.

ಕನಾಲೆಟ್ಟೊ, ಅಂದರೆ 'ಕಿರಿಯ ಕನಾಲ್', ಎಂದೇ ಪ್ರಸಿದ್ಧನಾದ ಈತನ ತಂದೆ ಬರ್ನಾರ್ಡೊ ರಂಗಪರದೆಗಳ ಚಿತ್ರಕಾರ. ಮಗನೂ ಮೊದಲು ಅದೇ ವೃತ್ತಿಯಲ್ಲಿ ಪಳಗಿದನು. ದೂರ–ಸಮೀಪಗಳನ್ನು ರೇಖೆಗಳಲ್ಲಿ ಹಿಡಿಯುವ ಕೌಶಲ ಅವನಿಗೆ ಒದಗಿದ್ದು ಅಲ್ಲಿಯೇ.

ಸುಮಾರು 1725ರ 'ಕಲ್ಲುಕುಟಿಗರ ಅಂಗಳ' ಇಂದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಕಲ್ಲು ಕೆತ್ತುವ ಕೆಲಸಗಾರರು, ಒಣಹಾಕಿದ ಬಟ್ಟೆಗಳು, ಬಿದ್ದ ಮಗುವಿನತ್ತ ಧಾವಿಸುವ ತಾಯಿ — ವೈಭವದ ವೆನಿಸ್ಸಿನ ಹಿಂದಿದ್ದ ದುಡಿಮೆಯ ಲೋಕ ಇದರಲ್ಲಿ ಮೂಡಿದೆ. ಕಾಲುವೆಯಾಚೆ ಕಾಣುವ ಕರಿತಾ ಚರ್ಚಿನ ಗಂಟೆಗೋಪುರ 1744ರಲ್ಲಿ ಕುಸಿದುಬಿದ್ದಿತು. ಚಿತ್ರದಲ್ಲಿ ಅದು ಇನ್ನೂ ನಿಂತಿದೆ.

ಅವನ ಮುಖ್ಯ ಗ್ರಾಹಕರು ಯುರೋಪ್ ಯಾತ್ರೆಗೆ ಬರುತ್ತಿದ್ದ ಇಂಗ್ಲಿಷ್ ಶ್ರೀಮಂತರು. ವೆನಿಸ್ಸಿನಲ್ಲಿ ನೆಲೆಸಿದ್ದ ಜೋಸೆಫ್ ಸ್ಮಿತ್ ಪೋಷಕನೂ ಮಧ್ಯವರ್ತಿಯೂ ಆಗಿದ್ದನು. ಆಸ್ಟ್ರಿಯದ ಉತ್ತರಾಧಿಕಾರ ಯುದ್ಧದಿಂದ (1740–48) ಯಾತ್ರಿಕರು ವಿರಳರಾದಾಗ ಕನಾಲೆಟ್ಟೊ 1746ರಲ್ಲಿ ಇಂಗ್ಲೆಂಡಿಗೆ ತೆರಳಿ, ಸುಮಾರು ಒಂದು ದಶಕ ಅಲ್ಲಿ ದುಡಿದನು. 1762ರಲ್ಲಿ ಸ್ಮಿತ್ ತನ್ನ ಸಂಗ್ರಹವನ್ನು ದೊರೆ ಮೂರನೆಯ ಜಾರ್ಜ್‌ಗೆ ಮಾರಿದ್ದರಿಂದ, ಕನಾಲೆಟ್ಟೊನ ಸುಮಾರು 50 ವರ್ಣಚಿತ್ರಗಳೂ 140ಕ್ಕೂ ಹೆಚ್ಚು ರೇಖಾಚಿತ್ರಗಳೂ ಬ್ರಿಟಿಷ್ ರಾಜಸಂಗ್ರಹವನ್ನು ಸೇರಿದವು. ಸ್ವಂತ ನಗರದ ಅಕಾಡೆಮಿ ಅವನನ್ನು ಸದಸ್ಯನನ್ನಾಗಿ ಆರಿಸಿದ್ದು 1763ರಲ್ಲಿ, ಅವನ 66ನೆಯ ವಯಸ್ಸಿನ ಹೊತ್ತಿಗೆ. ಪೌರಾಣಿಕ, ಚಾರಿತ್ರಿಕ ವಸ್ತುಗಳ ಚಿತ್ರಗಳಿಗಿಂತ ನಗರದೃಶ್ಯ ಕೀಳೆಂಬ ಅಂದಿನ ಎಣಿಕೆಯನ್ನು ಈ ವಿಳಂಬದ ಹಿನ್ನೆಲೆಯಲ್ಲಿ ಗಮನಿಸಬೇಕು.

ಕನಾಲೆಟ್ಟೊ ಕಂಡದ್ದನ್ನೆಲ್ಲ ಕಂಡಂತೆಯೇ ಬರೆದವನಲ್ಲ. ಬೇರೆ ಬೇರೆ ನೆಲೆಗಳಿಂದ ಕಂಡ ನೋಟಗಳನ್ನು ಒಂದೇ ಚಿತ್ರದಲ್ಲಿ ಬೆಸೆದಿದ್ದಾನೆ. ಪಲ್ಲಾಡಿಯೊ ಯೋಜಿಸಿದ್ದರೂ ಎಂದೂ ಕಟ್ಟದ ರಿಯಾಲ್ಟೊ ಸೇತುವೆಯನ್ನು ಕಾಲುವೆಯ ಮೇಲೆ ನಿಲ್ಲಿಸಿದ್ದಾನೆ. ಆದರೆ ಬಿಡಿ ವಿವರಗಳಲ್ಲಿ ಅವನ ನಿಷ್ಠೆ ಬೇರೆಯೇ ಬಗೆಯದು. ಅರಮನೆಗಳ ಗೋಡೆಯ ಮೇಲೆ ಉಬ್ಬರದ ಎತ್ತರವನ್ನು ಸೂಚಿಸುವ ಪಾಚಿಯ ಪಟ್ಟಿಯನ್ನೂ ಅವನು ಬಿಟ್ಟಿಲ್ಲ. ಇಟಲಿಯ ವಿಜ್ಞಾನಿಗಳಾದ ದಾರಿಯೊ ಕಮುಫ್ಫೊ ಮತ್ತು ಜೊವಾನ್ನಿ ಸ್ತುರಾರೊ ಅವನ ಹಾಗೂ ಅವನ ಸೋದರಳಿಯ ಬೆಲ್ಲೊಟ್ಟೊನ ಚಿತ್ರಗಳಲ್ಲಿನ ಈ ಪಟ್ಟಿಯನ್ನು ಈಗಿನದರೊಡನೆ ಹೋಲಿಸಿ, ನಗರ ನೀರಿಗೆ ಸುಮಾರು 60 ಸೆಂಟಿಮೀಟರ್ ಇಳಿದಿದೆಯೆಂದು 2003ರಲ್ಲಿ ಪ್ರಕಟಿಸಿದರು. ನೆಲದ ಕುಸಿತ, ಕಡಲಿನ ಏರಿಕೆ ಎರಡೂ ಇದರಲ್ಲಿ ಸೇರಿವೆ.

ಆದುದರಿಂದ ಈ ಚಿತ್ರಗಳ ಸಾಕ್ಷ್ಯವನ್ನು ಇಡಿಯಾಗಿ ಒಪ್ಪುವುದಾಗಲಿ ತಳ್ಳಿಹಾಕುವುದಾಗಲಿ ಸಲ್ಲದು. ದೃಶ್ಯದ ಜೋಡಣೆ ಕಲಾವಿದನದು. ಗೋಡೆಯ ಮೇಲಿನ ಕಲೆ ಮಾತ್ರ ನಗರದ್ದೇ.