ಅಪ್ಪನ ಲೆಕ್ಕದ ಪುಸ್ತಕದಲ್ಲಿ ಎರಡು ಕಾರು

ಹೋದ ವರ್ಷ ಎರಡು ತಿಂಗಳು ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಎಕ್ಸೆಲ್ ಶೀಟ್ ಮುಚ್ಚಿದ್ದೇ ಇಲ್ಲ. ಒಂದು ಕಾಲಂನಲ್ಲಿ ಮರ್ಸಿಡಿಸ್ ಸಿ-ಕ್ಲಾಸ್, ಪಕ್ಕದ ಕಾಲಂನಲ್ಲಿ ಬಿಎಂಡಬ್ಲ್ಯೂ 3 ಸೀರೀಸ್. ಕೆಳಗೆ ಮೂವತ್ತನಾಲ್ಕು ಸಾಲು. ಆನ್‌ರೋಡ್ ಬೆಲೆ, ಬೂಟ್ ಸ್ಪೇಸ್, ಸರ್ವಿಸ್ ಪ್ಯಾಕೇಜ್, ಹಿಂದಿನ ಸೀಟಿನಲ್ಲಿ ಕಾಲು ಚಾಚೋಕೆ ಎಷ್ಟು ಜಾಗ, ಐದು ವರ್ಷ ಆದ್ಮೇಲೆ ಮಾರಿದ್ರೆ ಎಷ್ಟು ಬರುತ್ತೆ. ಆಫೀಸಿನಲ್ಲಿ ಮೀಟಿಂಗ್ ನಡೆಯುವಾಗಲೂ ಆ ಶೀಟಿಗೆ ಬಣ್ಣ ಹಚ್ತಾ ಕೂತಿರ್ತಿದ್ದೆ. ಕಾರು ತಗೊಳ್ಳೋ ಖುಷಿಯಲ್ಲಿ ಅರ್ಧ ಪಾಲು ಹೋಲಿಸೋದರಲ್ಲೇ ಇದೆ ಅಂತ ಗೊತ್ತಿರೋರಿಗೆ ಗೊತ್ತು.

ದಸರಾ ರಜೆಗೆ ಚಳ್ಳಕೆರೆಗೆ ಹೋದಾಗಲೂ ಶೀಟ್ ತೆರೆದೇ ಇತ್ತು. ಅಪ್ಪ ಕನ್ನಡಕ ಏರಿಸಿಕೊಂಡು ಸ್ಕ್ರೀನ್ ನೋಡಿದರು. "ಇಂಥದ್ದು ನಾನೂ ಒಂದ್ಸಲ ಬರ್ದಿದ್ದೆ ಕಣಪ್ಪಾ" ಅಂದವರೇ ಒಳಗೆ ಹೋಗಿ, ಟ್ರಂಕಿನಿಂದ ಕೆಂಪು ಬಟ್ಟೆಯ ರಟ್ಟಿನ ಒಂದು ಲೆಕ್ಕದ ಪುಸ್ತಕ ತಂದು ಮುಂದಿಟ್ಟರು.

ಅಪ್ಪ ಆಗ ಊರಿನ ಒಂದು ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತರು. ಪುಟದ ಮೇಲೆ 1986 ಅಂತ ಇದೆ. ನಡುವೆ ಸ್ಕೇಲಿಟ್ಟು ಎಳೆದ ಗೆರೆ. ಎಡಕ್ಕೆ 'ಕಾಂಟೆಸ್ಸಾ', ಬಲಕ್ಕೆ 'ಸ್ಟ್ಯಾಂಡರ್ಡ್ 2000'. ಮಿಲ್ಲಿನ ಸಾಹುಕಾರ್ರು ಬೆಂಗಳೂರಿಗೆ ಹೋಗಿ ಎರಡನ್ನೂ ನೋಡಿ ಬಂದು, ಬಾಯಲ್ಲಿ ಹೇಳಿದ್ದನ್ನು ಅಪ್ಪ ಬರೆದುಕೊಂಡಿದ್ದು. ಬೆಲೆಯ ಸಾಲಿನ ಮೇಲೆ ಎಣ್ಣೆ ಕಲೆ ಹರಡಿ ಅಂಕಿ ಕಾಣೋದಿಲ್ಲ. ಮಿಕ್ಕಿದ್ದೆಲ್ಲ ಇವತ್ತಿಗೂ ಓದಬಹುದು.

ಈಗಿನವರಿಗೆ ಈ ಎರಡು ಹೆಸರು ಅಷ್ಟಾಗಿ ಗೊತ್ತಿರಲಿಕ್ಕಿಲ್ಲ. ಆದರೆ ನಮ್ಮ ದೇಶದಲ್ಲೇ ತಯಾರಾದ ಎರಡು 'ಲಕ್ಷುರಿ' ಕಾರುಗಳನ್ನು ಒಬ್ಬ ಗಿರಾಕಿ ಎದುರುಬದುರು ಇಟ್ಟು ಅಳೆಯುವ ಅವಕಾಶ ಸಿಕ್ಕಿದ್ದೇ ಆ ಒಂದೆರಡು ವರ್ಷಗಳಲ್ಲಿ. ಅದಕ್ಕೂ ಮುಂಚೆ ಹೋಲಿಸೋಕೆ ಏನಿತ್ತು? ಅಂಬಾಸಡರ್ ಇತ್ತು, ಫಿಯೆಟ್ ಇತ್ತು. ಅಮೆರಿಕದ ಜನರಲ್ ಮೋಟರ್ಸ್ 1928ರಲ್ಲೇ ಮುಂಬೈಯಲ್ಲಿ ಕಾರು ಜೋಡಿಸಲು ಶುರು ಮಾಡಿತ್ತು. ಸ್ವಾತಂತ್ರ್ಯ ಬಂದ ಮೇಲೆ ಪೂರ್ತಿ ಜೋಡಿಸಿದ ಕಾರುಗಳ ಆಮದು ನಿಂತಿತು. ಇಲ್ಲೇ ಬಿಡಿಭಾಗ ತಯಾರಿಸದೆ ಬರೀ ಜೋಡಿಸಿ ಮಾರುವವರು ಬಾಗಿಲು ಹಾಕಿಕೊಳ್ಳಲಿ ಅಂತ 1953ರಲ್ಲಿ ಸುಂಕ ಆಯೋಗ ಹೇಳಿದ ಮೇಲೆ ಜನರಲ್ ಮೋಟರ್ಸ್, ಫೋರ್ಡ್ ಎರಡೂ ಹೊರಟುಹೋದವು. ಉಳಿದ ಬೆರಳೆಣಿಕೆಯ ಕಂಪನಿಗಳಿಗೆ ಎಷ್ಟು ಕಾರು ಮಾಡಬೇಕು ಅನ್ನೋದಕ್ಕೂ ಲೈಸೆನ್ಸ್ ಬೇಕಿತ್ತು. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯೋರಿಗೆ 'ಯಾವ ಕಾರು' ಅನ್ನೋ ಪ್ರಶ್ನೆಯೇ ಇರಲಿಲ್ಲ, 'ಯಾವಾಗ' ಅನ್ನೋದಷ್ಟೇ.

1984ರಲ್ಲಿ ಹಿಂದೂಸ್ತಾನ್ ಮೋಟರ್ಸ್ ಕಾಂಟೆಸ್ಸಾ ತಂತು. ಬ್ರಿಟನ್ನಿನ ವಾಕ್ಸ್‌ಹಾಲ್ ಕಂಪನಿ 70ರ ದಶಕದಲ್ಲಿ ಮಾಡಿ, ನಿಲ್ಲಿಸಿಬಿಟ್ಟಿದ್ದ ಕಾರಿನ ಅಚ್ಚನ್ನು ಇಲ್ಲಿಗೆ ತಂದು ಮಾಡಿದ್ದು. ಉದ್ದ ಬಾನೆಟ್, ಅಗಲ ಸೀಟು. ಮರುವರ್ಷ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್‌ನಿಂದ ಸ್ಟ್ಯಾಂಡರ್ಡ್ 2000 ಬಂತು. ಇದು ಇನ್ನೂ ದೊಡ್ಡ ಮನೆತನದ್ದು: ಬ್ರಿಟನ್ನಿನ ರೋವರ್ ಎಸ್‌ಡಿ1, 1977ರ ಯುರೋಪಿನ ವರ್ಷದ ಕಾರು. ಅದರ ಹಿಂಬಾಗಿಲು ಮೇಲಕ್ಕೆ ಏಳುವಂಥದ್ದು, ಹಾಗಾಗಿ ಕಟ್ಟುನಿಟ್ಟಾಗಿ ಹೇಳಿದರೆ ಅದು ಸೆಡಾನೇ ಅಲ್ಲ. ಆದರೆ ಆಗಿನ ಭಾರತದಲ್ಲಿ ಅಂಥ ಚರ್ಚೆ ಮಾಡುವಷ್ಟು ಕಾರುಗಳೇ ಇರಲಿಲ್ಲ ಬಿಡಿ.

ಅಪ್ಪನ ಪುಟದಲ್ಲಿ 'ಎಂಜಿನ್' ಅನ್ನೋ ಸಾಲು ನೋಡಿ ನನಗೆ ನಗು ಬಂತು. ಎಡಕ್ಕೆ: 'ಅಂಬಾಸಡರದ್ದೇ.' ಬಲಕ್ಕೆ: 'ಹಳೇದು. ಟ್ರ್ಯಾಕ್ಟರ್ ಥರ ಅಂತಾರೆ.'

ಎರಡೂ ಸರಿಯೇ. ಮೊದಮೊದಲ ಕಾಂಟೆಸ್ಸಾದ ಬಾನೆಟ್ ಕೆಳಗೆ ಇದ್ದದ್ದು ಅಂಬಾಸಡರಿನ 1489 ಸಿಸಿ ಎಂಜಿನ್, ಸುಮಾರು 50 ಅಶ್ವಶಕ್ತಿ. ಅಷ್ಟು ಭಾರದ ಕಾರನ್ನು ಅದು ಏದುಸಿರು ಬಿಡುತ್ತಲೇ ಎಳೆಯುತ್ತಿತ್ತು. ಜಪಾನಿನ ಇಸುಜು ಎಂಜಿನ್ ಬಂದಿದ್ದು ಆಮೇಲೆ. ರೋವರ್‌ನಲ್ಲಾದರೂ ಬ್ರಿಟನ್ನಿನಲ್ಲಿ 3.5 ಲೀಟರಿನ ವಿ8 ಎಂಜಿನ್ ಇತ್ತು. ಮದ್ರಾಸಿನಲ್ಲಿ ಅದನ್ನು ಬಿಟ್ಟು ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಅನ್ನೋ 40ರ ದಶಕದ ಕಾರಿನ ವಂಶದ 1991 ಸಿಸಿ ಎಂಜಿನ್ ಕೂರಿಸಿದರು. ಫರ್ಗ್ಯುಸನ್ ಟ್ರ್ಯಾಕ್ಟರಿಗೆ ಸ್ಟ್ಯಾಂಡರ್ಡ್ ಕಂಪನಿ ಕೊಡುತ್ತಿದ್ದ ಎಂಜಿನ್ ಕೂಡ ಅದೇ ವಂಶದ್ದು. ಶೇಂಗಾ ಹೊಲದ ಊರಿನವರ ಕಿವಿಗೆ ಆ ಸಂಬಂಧ ಹೇಗೋ ಬಿದ್ದಿತ್ತು ಅಂತ ಕಾಣುತ್ತೆ.

ಇದಕ್ಕೆ ಎಂಜಿನಿಯರುಗಳನ್ನು ಬೈದು ಪ್ರಯೋಜನವಿಲ್ಲ. ಹೊಸ ಎಂಜಿನ್ ತರೋಕೆ ವಿದೇಶಿ ವಿನಿಮಯ ಬೇಕು, ಅನುಮತಿ ಬೇಕು, ಕಾಯಬೇಕು. ಕೈಯಲ್ಲಿದ್ದ ಎಂಜಿನ್ನಿಗೆ ಅದ್ಯಾವುದೂ ಬೇಡ. ಹಾಗಾಗಿ ಹೊರಗೆ 70ರ ದಶಕದ ಮೈ, ಒಳಗೆ 40–50ರ ದಶಕದ ಎದೆ ಇಟ್ಟುಕೊಂಡು 80ರ ದಶಕದ ಲಕ್ಷುರಿ ಕಾರು ತಯಾರಾಯಿತು. ಸ್ಟ್ಯಾಂಡರ್ಡ್ 2000 ಹೆಚ್ಚು ದಿನ ಬಾಳಲಿಲ್ಲ, 1988ಕ್ಕೆ ನಿಂತೇಹೋಯಿತು. ಕಾಂಟೆಸ್ಸಾ 2002ರವರೆಗೆ ಉಸಿರು ಹಿಡಿದುಕೊಂಡಿತ್ತು.

ಸಾಹುಕಾರ್ರು ತಗೊಂಡಿದ್ದು ಕಾಂಟೆಸ್ಸಾ. ಯಾಕೆ ಅನ್ನೋದು 'ರಿಪೇರಿ' ಅನ್ನೋ ಸಾಲಿನಲ್ಲಿದೆ. ಬಲಕ್ಕೆ 'ಮದ್ರಾಸು'. ಎಡಕ್ಕೆ 'ಇಲ್ಲೇ'. ಅಂಬಾಸಡರ್ ಎಂಜಿನ್ ಬಿಚ್ಚಿ ಜೋಡಿಸೋರು ನಮ್ಮೂರ ಬಸ್‌ಸ್ಟ್ಯಾಂಡ್ ಹತ್ತಿರವೇ ಇದ್ದರು. ಇವತ್ತು ನಾವು ಯಾವುದನ್ನು ಕಾಂಟೆಸ್ಸಾದ ಹುಳುಕು ಅಂತೀವೋ, ಚಳ್ಳಕೆರೆಯಲ್ಲಿ ಅದೇ ಅದರ ಗುಣವಾಗಿತ್ತು.

ಮಾರನೇ ದಿನ ಅಪ್ಪನನ್ನು ಕೂರಿಸಿಕೊಂಡು ನನ್ನ ಹಳೇ ಹ್ಯಾಚ್‌ಬ್ಯಾಕಿನಲ್ಲಿ ಮೊಳಕಾಲ್ಮೂರಿಗೆ ಹೊರಟೆ, ಅತ್ತೆ ಮನೆಗೆ. ತಳುಕು ದಾಟಿ ಬಳ್ಳಾರಿ ರಸ್ತೆ. ಆ ಕಡೆ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ಕಡೆ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ.ಎಲ್. ರೈಸ್ ಅವನ್ನು ಪತ್ತೆ ಮಾಡಿದರು. ಕೆಲವೇ ಮೈಲಿಗಳ ಅಂತರದಲ್ಲಿ ಒಂದೇ ಒಕ್ಕಣೆಯನ್ನು ಮೂರು ಬಂಡೆಗೆ ಕೆತ್ತಿಸಿದ್ದು. "ನಿಮ್ಮ ಅಂಬಾಸಡರ್ ಇದ್ದಂಗೆ" ಅಂದೆ. ಅಪ್ಪ ನಗಲಿಲ್ಲ.

ಮಾವ ರೇಷ್ಮೆ ಸೀರೆ ನೇಯೋರು. ಮೊಳಕಾಲ್ಮೂರು ಸೀರೆಗೆ ಈಗ ಜಿಐ ಟ್ಯಾಗ್ ಇದೆ, ಜೊತೆಗೆ ಅದೇ ಹೆಸರಿನಲ್ಲಿ ಮಾರಾಟವಾಗುವ ಪವರ್‌ಲೂಮ್ ಸೀರೆಗಳೂ ಇವೆ. ಎರಡನ್ನೂ ಪಕ್ಕಪಕ್ಕ ಹಾಸಿ, ಯಾವುದು ಕೈಮಗ್ಗದ್ದು ಹೇಳು ನೋಡಣ ಅಂದರು. ನನಗೆ ಗೊತ್ತಾಗಲಿಲ್ಲ. ಸೆರಗಿನ ಮೇಲೆ ಕಣ್ಣು, ಅಂಚಿನ ಮೇಲೆ ಕಣ್ಣು.

"ತಿರುವಿ ನೋಡಪ್ಪ" ಅಂದರು ಮಾವ. "ಮುಂದ್ಲಿಂದ ಎಲ್ಲಾ ಸೀರೇನೂ ಚೆಂದಾನೇ ಐತೆ. ಒಡಲಿಗೂ ಅಂಚಿಗೂ ಹೆಂಗೆ ಕೂಡ್ಸಿದಾರೆ ಅಂತ ಹಿಂದ್ಲಿಂದ ನೋಡ್ಬೇಕು."

ಸಾಹುಕಾರ್ರೂ ಅಪ್ಪನೂ 1986ರಲ್ಲಿ ಮಾಡಿದ್ದು ಇದನ್ನೇ ಅಲ್ವಾ ಅನ್ನಿಸಿತು. ಕಾರನ್ನು ತಿರುವಿ ನೋಡಿದ್ದರು. ನನ್ನ ಮೂವತ್ತನಾಲ್ಕು ಸಾಲೂ ಸೆರಗಿನ ಲೆಕ್ಕ.

ವಾಪಸ್ ಬರುವಾಗ ಅಪ್ಪನನ್ನು ಕೇಳಿದೆ: ಪುಸ್ತಕದ ಕೊನೇ ಸಾಲಿನಲ್ಲಿ ಎರಡೂ ಕಾಲಂ ಯಾಕೆ ಖಾಲಿ? ಆ ಸಾಲು ಹೀಗಿತ್ತು: 'ಶೇಂಗಾ ಬಿದ್ದರೆ?'

"ಅದು ನಾನಾಗೇ ಬರ್ದಿದ್ದು. ಸಾಹುಕಾರ್ರು ಓದಿ ನಕ್ರು. ಶೇಂಗಾ ಎಲ್ಲಿಗಪ್ಪಾ ಬೀಳ್ತೈತೆ ಅಂದ್ರು."

ನಗೋದರಲ್ಲಿ ತಪ್ಪೇನಿರಲಿಲ್ಲ. ಚಳ್ಳಕೆರೆಗೆ ಆಗ 'ಎಣ್ಣೆ ನಗರಿ' ಅಂತ ಹೆಸರು, ಎರಡನೇ ಮುಂಬೈ ಅನ್ನೋರೂ ಇದ್ದರು. ಸುತ್ತಲಿನ ಹೊಲಗಳ ಕಾಯಿ ಬಂದು ಮಂಡಿಗೆ ಬೀಳೋದು; ಎಣ್ಣೆ ಒಂದು ಕಡೆಗೆ, ಹಿಂಡಿ ಇನ್ನೊಂದು ಕಡೆಗೆ ಲಾರಿ ಹತ್ತೋದು. 1986ರಲ್ಲೇ ಕೇಂದ್ರ ಸರ್ಕಾರ ಎಣ್ಣೆಕಾಳುಗಳ ತಂತ್ರಜ್ಞಾನ ಮಿಷನ್ ಶುರು ಮಾಡಿತು. ದೇಶಕ್ಕೆ ಬೇಕಾದ ಎಣ್ಣೆ ದೇಶದಲ್ಲೇ ಬೆಳೆಯಬೇಕು ಅಂತ. ಅಂಥ ವರ್ಷದಲ್ಲಿ ಕಾರು ತಗೊಳ್ಳದೆ ಇನ್ಯಾವಾಗ ತಗೋಬೇಕು?

ಆಮೇಲೆ 1991 ಬಂತು. ನಮ್ಮ ತಲೆಮಾರಿಗೆ ಇದು ಖುಷಿಯ ಕಥೆ. 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸ್ ಬೇಡವಾಯಿತು. 1995ರಲ್ಲಿ ಪುಣೆಯಲ್ಲಿ ಮರ್ಸಿಡಿಸ್ ಕಾರುಗಳು ಜೋಡಣೆಯಾಗತೊಡಗಿದವು, 2007ರಲ್ಲಿ ಚೆನ್ನೈ ಬಳಿ ಬಿಎಂಡಬ್ಲ್ಯೂ ಬಂತು. ನನ್ನ ಎಕ್ಸೆಲ್ ಶೀಟಿನ ಎರಡೂ ಕಾಲಂ ಹುಟ್ಟಿದ್ದು ಆ ಬಾಗಿಲಿನಿಂದಲೇ. ಅದೇ ಬಾಗಿಲಿನಿಂದ ಪಾಮೊಲಿನ್ ಎಣ್ಣೆಯೂ ಒಳಗೆ ಬಂತು. 1994ರಲ್ಲಿ ಅದನ್ನು ಯಾರು ಬೇಕಾದರೂ ಆಮದು ಮಾಡಿಕೊಳ್ಳಬಹುದು ಅಂತಾಯಿತು, ಶೇಕಡ 65ರ ಸುಂಕದೊಂದಿಗೆ. 1998ರ ಹೊತ್ತಿಗೆ ಆ ಸುಂಕ ಶೇಕಡ 15ಕ್ಕೆ ಇಳಿದಿತ್ತು. ಮಲೇಷ್ಯಾದ ತಾಳೆ ಎಣ್ಣೆಯ ಬೆಲೆಗೆ ನಮ್ಮ ಶೇಂಗಾ ಎಣ್ಣೆ ಎಲ್ಲಿ ಸಾಟಿ? ಅದರ ಮೇಲೆ ಕೈಕೊಟ್ಟ ಮಳೆ, ಸೊರಗಿದ ಬೆಳೆ. ಒಂದೊಂದಾಗಿ ಮಿಲ್ಲುಗಳು ನಿಂತವು.

ಅಪ್ಪ ಕೆಲಸ ಮಾಡುತ್ತಿದ್ದ ಮಿಲ್ಲು ನಿಂತಿದ್ದು 1999ರಲ್ಲಿ. ನಾನು ಆಗ ಏಳನೇ ಕ್ಲಾಸು. ಕಾಂಟೆಸ್ಸಾ ಮಾರಿದ ದಿನ ನೆನಪಿದೆ. ಯಾರೋ ಮದುವೆಗೆ ಬಾಡಿಗೆ ಬಿಡೋರು ಬಂದು ಒಯ್ದರು. ಸಾಹುಕಾರ್ರು ಹೊರಗೆ ಬರಲೇ ಇಲ್ಲ. ಕೀಲಿ ಕೊಟ್ಟು ರಶೀದಿ ಬರೆದದ್ದು ಅಪ್ಪ. ಆಮೇಲೆ ಎರಡು ವರ್ಷ ನಮ್ಮ ಮನೆ ನಡೆದದ್ದು ಅಮ್ಮನ ಹೊಲಿಗೆ ಮಷೀನಿನಿಂದ.

ಅಪ್ಪನಿಗೆ ಮುಂದಾಗೋದು ಗೊತ್ತಿತ್ತು ಅಂತ ನಾನು ಹೇಳ್ತಿಲ್ಲ. ಸಾಹುಕಾರ್ರು ಕಾರು ತಗೊಂಡಿದ್ದೇ ತಪ್ಪು ಅಂತಲೂ ಅಲ್ಲ. ಕಾರು ತಗೊಳ್ಳದಿದ್ರೂ ಮಿಲ್ಲು ನಿಲ್ಲುತ್ತಿತ್ತು. ಆದರೆ ಗುಮಾಸ್ತರು ಕೇಳಿದ ಪ್ರಶ್ನೆಗೆ ಉತ್ತರ ಬರೆಯದೇ ಪುಟ ತಿರುವಿದ್ದು ಮಾತ್ರ ನಿಜ. ಬೆಂಗಳೂರಿನಲ್ಲಿ ನಮ್ಮ ಶೇಂಗಾ ಸಾಫ್ಟ್‌ವೇರ್. ಎಲ್ಲಿಗಪ್ಪಾ ಬೀಳ್ತೈತೆ ಅಂತ ನಾವೂ ನಗ್ತಾ ಇದ್ವಿ. ಹೋದ ವರ್ಷ ನನ್ನ ಟೀಮಿನಲ್ಲೇ ನಾಲ್ಕು ಜನಕ್ಕೆ ಒಂದೇ ಬೆಳಿಗ್ಗೆ ಮೇಲ್ ಬಂತು.

ಆ ರಾತ್ರಿ ಶೀಟಿಗೆ ಮೂವತ್ತೈದನೇ ಸಾಲು ಸೇರಿಸಿದೆ: 'ಸಂಬಳ ನಿಂತರೆ ಎಷ್ಟು ತಿಂಗಳು ಇಎಂಐ?' ಎರಡೂ ಕಾಲಂನಲ್ಲಿ ಬಂದ ಉತ್ತರ ಒಂದೇ: ನಾಲ್ಕು. ಮನೆ ಸಾಲ, ಮಗಳ ಫೀಸು ಎಲ್ಲಾ ಹಾಕಿದರೆ ಮೂರು. ಎರಡು ತಿಂಗಳಿಂದ ಸಿ-ಕ್ಲಾಸೋ 3 ಸೀರೀಸೋ ಅಂತ ಒದ್ದಾಡಿದ ನನಗೆ ಆ ಒಂದು ಸಾಲಿನ ಮಟ್ಟಿಗೆ ಎರಡೂ ಒಂದೇ ಕಾರು ಅಂತ ಗೊತ್ತಾಯಿತು.

ಕೊನೆಗೆ ನಾಲ್ಕು ವರ್ಷ ಓಡಿದ ಒಂದು ಸೆಡಾನ್ ತಗೊಂಡೆ, ಆ ಎರಡರಲ್ಲೇ ಒಂದು, ಹೊಸದರ ಅರ್ಧ ಬೆಲೆಗೆ. ಈಗ ಮೂವತ್ತೈದನೇ ಸಾಲಿನಲ್ಲಿ ಹನ್ನೊಂದು ಅಂತಿದೆ. ಯಾವುದು ತಗೊಂಡೆ ಅಂತ ಸ್ನೇಹಿತರು ಕೇಳ್ತಾರೆ, ಹೇಳ್ತೀನಿ, ಆಮೇಲೆ ಅರ್ಧ ಗಂಟೆ ಜಗಳ ಆಗುತ್ತೆ. ಅದರ ಮಜವೇ ಬೇರೆ.

ಮೊದಲ ಸಲ ಊರಿಗೆ ಒಯ್ದಾಗ ಅಪ್ಪ ಕಾರಿನ ಸುತ್ತ ಒಂದು ಸುತ್ತು ಹಾಕಿ, ಬಾನೆಟ್ ತೆಗೆಸಿದರು. ಒಳಗೆಲ್ಲ ಕಪ್ಪು ಪ್ಲಾಸ್ಟಿಕ್ ಮುಚ್ಚಳ, ಎಂಜಿನ್ನೇ ಕಾಣೋದಿಲ್ಲ.

"ರಿಪೇರಿ ಬಂದ್ರೆ?"

"ಬೆಂಗಳೂರು" ಅಂದೆ.

ಅಪ್ಪ ತಲೆ ಆಡಿಸಿ ಹಿಂದಿನ ಸೀಟಿನಲ್ಲಿ ಕೂತರು. ಮುಂದೆ ಬನ್ನಿ ಅಂದ್ರೆ ಬರಲಿಲ್ಲ. "ಕಾಂಟೆಸ್ಸಾದಾಗ ಒಂದ್ಸಲಾನೂ ಹಿಂದ್ಗಡೆ ಕೂತಿರ್ಲಿಲ್ಲ" ಅಂದರು.