ಉಮೇದವಾರಿ: ಧಾರವಾಡ ಸೀಮೆಯ ಒಂದು ಹಳೆಯ ಪದ್ಧತಿ

‘ಉಮೇದವಾರ’ ಎಂಬ ಶಬ್ದವು ಇಂದಿನ ವಾಚಕರಿಗೆ ಹೆಚ್ಚಾಗಿ ಚುನಾವಣೆಯ ಕಾಲದಲ್ಲಿ ಕೇಳಬರುವದು. ಧಾರವಾಡ ಜಿಲ್ಲೆಯು ಮುಂಬಯಿ ಇಲಾಖೆಗೆ ಸೇರಿದ್ದ ಕಾಲದಲ್ಲಿ ಅದಕ್ಕೆ ಬೇರೊಂದು ಅರ್ಥವೂ ಇದ್ದಿತು. ಪಾರಸಿಯಲ್ಲಿ ‘ಉಮೇದು’ ಎಂದರೆ ಆಶೆ. ಮುಂದೆಂದಾದರೂ ನೌಕರಿ ದೊರೆತೀತೆಂಬ ಆಶೆಯಿಂದ ಸಂಬಳವಿಲ್ಲದೆ ಕಚೇರಿಯಲ್ಲಿ ಬರೆಯುತ್ತ ಕುಳಿತವನೇ ಉಮೇದವಾರನು.

ಅರ್ಜಿಗಳ ನಕಲು ತೆಗೆಯುವದು, ದಫ್ತರ ಜೋಡಿಸುವದು, ಲೆಕ್ಕದ ತಾಳೆ ನೋಡುವದು, ಇವೇ ಅವನ ಪಾಠಗಳು. ಶಾಲೆಯ ಪುಸ್ತಕದಲ್ಲಿ ಸಿಕ್ಕದ ಕಚೇರಿಯ ನಡೆವಳಿಯನ್ನು ಅವನು ಕಣ್ಣಾರೆ ಕಂಡು, ಕೈಯಾರೆ ಮಾಡಿ ಕಲಿಯುತ್ತಿದ್ದನು. ಸ್ಥಳವು ತೆರವಾದಾಗ ಮೇಲಧಿಕಾರಿಯು ಅಪರಿಚಿತನಿಗಿಂತ ತನ್ನೆದುರು ದುಡಿದವನನ್ನೇ ನಂಬುವದು ಸಹಜ. ಪದವೀಧರರಿಗೆ ವ್ಯಾಸಂಗಕಾಲದ ಕೆಲಸದಿಂದ ದೊರೆಯುವ ಲಾಭದ ಮೂಲವೂ ಇದೇ ಆಗಿದೆ. ಅವರ ಯೋಗ್ಯತೆಯನ್ನು ಕಾಗದವಷ್ಟೇ ಹೇಳದೆ, ಕೆಲಸ ಕೊಟ್ಟವರೂ ಕಂಡು ಹೇಳಬಲ್ಲರು.

ಆದರೆ ಈ ಪದ್ಧತಿಯಲ್ಲಿ ಒಂದು ದೊಡ್ಡ ಕೊರತೆಯಿದ್ದಿತು. ಧಾರವಾಡ ತಾಲೂಕಿನ ಉಪ್ಪಿನಬೆಟಗೇರಿಯಂಥ ಊರಿನ ಒಕ್ಕಲಿಗನ ಮನೆಯನ್ನು ಊಹಿಸಿಕೊಂಡರೆ ಅದು ಸ್ಪಷ್ಟವಾಗುವದು. ಮಗನನ್ನು ಪೇಟೆಯಲ್ಲಿ ವರ್ಷಗಟ್ಟಲೆ ಸಂಬಳವಿಲ್ಲದೆ ಇರಿಸಬೇಕಾದರೆ ಅವನಿಗೆ ಅಲ್ಲಿ ವಸತಿ ಬೇಕು, ಊಟ ಬೇಕು. ಇತ್ತ ಜೋಳ-ಹತ್ತಿಗಳ ಕಳೆ ತೆಗೆಯುವ ಕಾಲಕ್ಕೆ ಹೊಲದಲ್ಲಿ ಒಂದು ಆಳು ಕಡಿಮೆಯಾಗುವದು. ಆದುದರಿಂದ ಪೇಟೆಯಲ್ಲಿ ಬಂಧುಗಳುಳ್ಳವರಿಗೆ, ಮನೆಯಲ್ಲಿ ಅನುಕೂಲವುಳ್ಳವರಿಗೆ ಮಾತ್ರ ಉಮೇದವಾರಿಯು ಸಾಗುವಂಥದು. ಬುದ್ಧಿಯು ಸಮಾನವಾಗಿದ್ದರೂ ಕಾಯುವ ಶಕ್ತಿಯು ಎಲ್ಲರಿಗೂ ಸಮಾನವಾಗಿರಲಿಲ್ಲ.

ಅದೇ ಶತಮಾನದಲ್ಲಿ ಕೈಕಸಬಿನ ಶಿಕ್ಷಣಕ್ಕೂ ಕಾಯಿದೆಯ ಕಟ್ಟು ಬಂದಿತು. 1850ರ ಕಾಯಿದೆಯು ವಿಶೇಷವಾಗಿ ಅನಾಥ ಹಾಗೂ ಬಡ ಮಕ್ಕಳನ್ನು ಉದ್ದೇಶಿಸಿದ್ದಿತು. ಹತ್ತು ವರ್ಷಕ್ಕೆ ಮೇಲ್ಪಟ್ಟ ಹದಿನೆಂಟರ ಒಳಗಿನ ಮಕ್ಕಳನ್ನು ಕರಾರಿನಿಂದ ಕಸಬುದಾರನಲ್ಲಿ ಕೆಲಸ ಕಲಿಯಲು ಬಿಡಬಹುದಾಗಿದ್ದಿತು. ಅವಧಿಯು ಏಳು ವರ್ಷವನ್ನು ಮೀರಬಾರದು. 1880ರ ದಶಕದಲ್ಲಿ ಸದರ್ನ್ ಮರಾಠಾ ರೇಲ್ವೆಯು ಈ ಭಾಗಕ್ಕೆ ಬಂದ ಮೇಲೆ ಹುಬ್ಬಳ್ಳಿಯಲ್ಲಿ ಅದರ ಕಾರಖಾನೆಯು ನೆಲೆಗೊಂಡಿತು. ತಂದೆಯ ಕಸಬಿಗೆ ಹೊರತಾದ ಕಸಬನ್ನು ಕಲಿಯುವ ದಾರಿಯು ಕಬ್ಬಿಣದ ಕೆಲಸದಲ್ಲಿ ತೆರೆಯಿತು.

ಇದಕ್ಕಿಂತ ಹತ್ತಿರದ ನಿದರ್ಶನವು ಧಾರವಾಡದಲ್ಲಿಯೇ ಇದ್ದಿತು. ಡೆಪ್ಯುಟಿ ಚನ್ನಬಸಪ್ಪನವರು ಸೇವೆ ಸಲ್ಲಿಸಿದ ಟ್ರೇನಿಂಗ ಕಾಲೇಜಿನಲ್ಲಿ ಮುಂದೆ ಮಾಸ್ತರರಾಗುವವರು ಬೋಧನೆಯ ಶಾಸ್ತ್ರವನ್ನು ಕಲಿಯುವದರೊಡನೆ ಮಕ್ಕಳೆದುರು ನಿಂತು ಪಾಠ ಹೇಳಿ ತಮ್ಮ ತಪ್ಪುಗಳನ್ನು ತಿದ್ದಿಸಿಕೊಳ್ಳಬೇಕಾಗಿದ್ದಿತು. ಇಂಥ ಸಂಸ್ಥೆಗಳಲ್ಲಿ ವಿದ್ಯಾರ್ಥಿವೇತನವಿದ್ದುದರಿಂದ ಬಡವರ ಮಕ್ಕಳೂ ಕಲಿತು ಹಳ್ಳಿಯ ಶಾಲೆಗೆ ಶಿಕ್ಷಕರಾಗಿ ಹೋಗುವದು ಸಾಧ್ಯವಾಯಿತು. ಉಮೇದವಾರಿಗೂ ಇದಕ್ಕೂ ಇದ್ದ ಅಂತರವು ಇದೇ: ಒಂದರಲ್ಲಿ ಕೇವಲ ಆಶೆ, ಇನ್ನೊಂದರಲ್ಲಿ ಆಶೆಯೊಡನೆ ಅನ್ನ.

ಸ್ವಾತಂತ್ರ್ಯಾನಂತರ ಈ ವಿವೇಕವು ಕಾಯಿದೆಯ ರೂಪವನ್ನು ತಳೆಯಿತು. 1961ರ ಶಿಶಿಕ್ಷು ಕಾಯಿದೆಯು ಕೆಲಸ ಕಲಿಯುವವನಿಗೆ ವೇತನ ಕೊಡುವದನ್ನು ಕಡ್ಡಾಯ ಮಾಡಿತು. 1973ರ ತಿದ್ದುಪಡಿಯಿಂದ ಇಂಜಿನಿಯರಿಂಗ ಪದವೀಧರರೂ, 2014ರ ತಿದ್ದುಪಡಿಯಿಂದ ಇತರ ಪದವೀಧರರೂ ಅದರ ವ್ಯಾಪ್ತಿಗೆ ಬಂದರು. 2016ರ ಯೋಜನೆಯಲ್ಲಿ ಆ ವೇತನದ ನಾಲ್ಕನೆಯ ಒಂದಂಶವನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಕೇಂದ್ರ ಸರಕಾರವು ವಹಿಸಿಕೊಂಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ವಿದ್ಯಾರ್ಥಿಗಳು ಸ್ಥಳೀಯ ಉದ್ಯಮಗಳಲ್ಲಿಯೂ ಕಲಾವಿದರು ಹಾಗೂ ಕುಶಲಕರ್ಮಿಗಳ ಬಳಿಯಲ್ಲಿಯೂ ಕೆಲಸ ಕಲಿಯಬೇಕೆಂದು ಹೇಳಿತು.

ಧಾರವಾಡದ ಕೃಷಿ ಕಾಲೇಜು 1947ರಲ್ಲಿ ಆರಂಭವಾಯಿತು. 1986ರಲ್ಲಿ ಅಲ್ಲಿಯೇ ಕೃಷಿ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಕೃಷಿ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಹಳ್ಳಿಯಲ್ಲಿ ವಾಸವಾಗಿದ್ದು ರೈತರೊಡನೆ ಕೆಲಸ ಮಾಡುವ ಶಿಕ್ಷಣಕ್ರಮವಿದೆ. ಇಲ್ಲಿ ಹಳೆಯ ಪದ್ಧತಿಯು ಹಿಂದುಮುಂದಾಗಿರುವದು. ಹಿಂದೆ ಹಳ್ಳಿಯ ಹುಡುಗನು ಪೇಟೆಯ ಕಚೇರಿಯ ಬಾಗಿಲನ್ನು ಕಾಯುತ್ತಿದ್ದನು. ಈಗ ಪೇಟೆಯ ವಿದ್ಯಾವಂತನು ಎರೆಹೊಲದ ಬದುವಿನ ಮೇಲೆ ನಿಂತು, ಮಳೆಯ ಹದವನ್ನೂ ಬಿತ್ತನೆಯ ವೇಳೆಯನ್ನೂ ರೈತನಿಂದ ಕೇಳಿ ತಿಳಿಯಬೇಕಾಗಿದೆ.

ಈ ಇತಿಹಾಸದಿಂದ ತಿಳಿದುಬರುವ ಸಂಗತಿಯು ಸರಳವಾದುದು. ಕೆಲಸದೊಡನೆ ಕಲಿತ ವಿದ್ಯೆಯು ಉದ್ಯೋಗಕ್ಕೆ ದಾರಿ ಮಾಡುವದು ನಿಜ. ಆದರೆ ಕೆಲಸವು ನಿಜವಾದ ಕೆಲಸವಾಗಿರಬೇಕು, ತಪ್ಪನ್ನು ತಿದ್ದುವ ಹಿರಿಯರಿರಬೇಕು, ಕಲಿಯುವವನ ಹೊಟ್ಟೆಪಾಡಿಗೆ ಆಧಾರವಿರಬೇಕು. ಈ ಮೂರರಲ್ಲಿ ಕೊನೆಯದು ತಪ್ಪಿದರೆ ಹೆಸರು ಎಷ್ಟು ಹೊಸದಾದರೂ ಅದು ಹಳೆಯ ಉಮೇದವಾರಿಯೇ ಸರಿ. ಉಳ್ಳವರ ಮಕ್ಕಳಿಗೆ ಅದು ಮೆಟ್ಟಲು, ಇಲ್ಲದವರ ಮಕ್ಕಳಿಗೆ ಮುಚ್ಚಿದ ಬಾಗಿಲು.